ಎಲ್ವುಡ್ ತಾತ ಹೂವಾದದ್ದು

“ಅಮ್ಮಾ, ಎಲ್ವುಡ್ ತಾತ ಹೂವಾ?”

ನನ್ನ ಮಗಳು ವಿನ್ನಿ ಬೆಳಗಿನ ತಿಂಡಿಯ ಹೊತ್ತಿಗೆ ಕೇಳಿದ ಪ್ರಶ್ನೆ ಇದು. ಬಾಯಲ್ಲಿ ಚಮಚ, ಕಣ್ಣು ಕಿಟಕಿಯ ಆಚೆ. ಅವಳಪ್ಪ ಕರ್ಟಿಸ್ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದ.

ಪಕ್ಕದ ಮನೆಯ ಎಲ್ವುಡ್ ತಾತನನ್ನು ನೋಡಿದ ಯಾರಿಗೂ ಹೂವಿನ ನೆನಪಾಗುವುದಿಲ್ಲ. ಆರಡಿ ಎತ್ತರ, ಬೀರುವಿನಷ್ಟು ಅಗಲ, ಮಳೆಯಲ್ಲಿ ನೆಂದು ಒಣಗಿದ ಬೂಟಿನಂಥ ಮುಖ. ತಲೆಯ ಮೇಲೆ ಮಾತ್ರ ಒಂದು ಕೆಂಪು ಟೋಪಿ. ಬೀಜದಂಗಡಿಯವರು ಯಾವ ಕಾಲದಲ್ಲೋ ಪುಕ್ಕಟೆ ಕೊಟ್ಟದ್ದು, ಮುಂದುಗಡೆ ಮುಸುಕಿನ ಜೋಳದ ತೆನೆಯ ಚಿತ್ರ. ಆ ಟೋಪಿ ಇಲ್ಲದ ತಾತನನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ.

ಆದರೂ ವಿನ್ನಿಯ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತಿದ್ದ ತಾತನ ಟೋಪಿಯ ಮುಂದೆ, ಹೆಬ್ಬೆರಳಷ್ಟು ಗಾತ್ರದ ಹಸಿರು ಹಕ್ಕಿಯೊಂದು ಗಾಳಿಯಲ್ಲೇ ನಿಂತುಕೊಂಡು, ಆ ಜೋಳದ ತೆನೆಯೊಳಕ್ಕೆ ಕೊಕ್ಕು ತೂರಿಸಲು ಪ್ರಯತ್ನಿಸುತ್ತಿತ್ತು. ಹಮ್ಮಿಂಗ್‌ಬರ್ಡ್! ವಿನ್ನಿಯ ಭಾಷೆಯಲ್ಲಿ ಗುಂಯ್‌ಹಕ್ಕಿ! ಯಾವ ಹಕ್ಕಿಗಾಗಿ ನಾನು ಮೂರು ಬೇಸಿಗೆ ಮಣ್ಣು ಹೊತ್ತು ಸೊಂಟ ಮುರಿದುಕೊಂಡೆನೋ, ಆ ಹಕ್ಕಿ ನನ್ನ ತೋಟದ ಕಡೆ ಕಣ್ಣೆತ್ತಿಯೂ ನೋಡದೆ ಪಕ್ಕದವರ ಟೋಪಿಗೆ ಮರುಳಾಗಿತ್ತು.

ಈ ಅವಮಾನದ ಮೂಲ ಹುಡುಕಿಕೊಂಡು ಹೊರಟರೆ ಅದು ನನ್ನ ಬಾಯಿಗೇ ಬಂದು ನಿಲ್ಲುತ್ತದೆ.

ವಿನ್ನಿಗೆ ಮೂರು ತುಂಬಿದ ವರ್ಷ. ನಮ್ಮ ಊರಿನ ಲೈಬ್ರರಿಯ ಅಂಗಳದಲ್ಲಿ ಕಾಡುಹೂವಿನ ಸಸಿ ಮಾರುತ್ತಿದ್ದರು. ಓಹಾಯೋದ ಈ ಮಣ್ಣಿನಲ್ಲೇ, ಯಾರ ಹಂಗೂ ಇಲ್ಲದೆ, ನಮ್ಮ ಮುತ್ತಜ್ಜಂದಿರು ಬರುವ ಮೊದಲೇ ಬೆಳೆಯುತ್ತಿದ್ದ ಗಿಡಗಳು. ಅವುಗಳಲ್ಲಿ ಒಂದರ ಹೆಸರು ಬೀ ಬಾಮ್. ಎಲೆ ಮುರಿದರೆ ಪುದೀನದ ಘಮ, ಹೂವು ನೋಡಿದರೆ ನಿದ್ದೆಯಿಂದ ಎದ್ದ ಮಗುವಿನ ಕೆದರಿದ ತಲೆ, ಬಣ್ಣ ಮಾತ್ರ ಅಗ್ನಿಶಾಮಕ ದಳದ ಲಾರಿಯದು. ಜೇನುಹುಳು, ದುಂಬಿ, ಚಿಟ್ಟೆ ಎಲ್ಲಾ ಇದಕ್ಕೆ ಮುಗಿಬೀಳುತ್ತವೆ, ಗುಂಯ್‌ಹಕ್ಕಿಯಂತೂ ವಾಸನೆ ಹಿಡಿದವರಂತೆ ಹುಡುಕಿಕೊಂಡು ಬರುತ್ತದೆ ಎಂದು ಸಸಿ ಮಾರುವ ಹೆಂಗಸು ಆಣೆ ಮಾಡಿ ಹೇಳಿದಳು. ಮೂರು ಸಸಿ ತಂದೆ.

“ಬಾಮಾ?” ಎಂದ ಕರ್ಟಿಸ್. “ಹಾಗಾದ್ರೆ ತಲೆನೋವು ಹಿಂದೇನೇ ಬರ್ತಾ ಇದೆ ಅಂತಾಯ್ತು.”

“ನೋಡ್ತಾ ಇರು. ಈ ಬೀದಿಗೆ ಗುಂಯ್‌ಹಕ್ಕಿ ಕರೆಸದೆ ಇದ್ರೆ ನನ್ನ ಹೆಸರು ಲಾರೆಲ್ ಅಲ್ಲ.”

ಆ ರಾತ್ರಿ ಡೈರಿಯಲ್ಲಿ ಅದನ್ನೇ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಒಂದು ಗೆರೆ ಸಾಕಿತ್ತು.

ಮೊದಲ ಬೇಸಿಗೆ ಮೊಲಗಳು ಬಂದು ಸಸಿಗಳ ರುಚಿ ನೋಡಿ ಹೋದವು. ಎರಡನೆಯ ಬೇಸಿಗೆ ಗಿಡ ಎದ್ದಿತು, ಆದರೆ ಎಲೆಯ ಮೇಲೆಲ್ಲಾ ಬಿಳಿ ಬೂಷ್ಟು. ರೊಟ್ಟಿ ತಟ್ಟಲು ಹಿಟ್ಟು ಉದುರಿಸಿದ ಹಾಗಿತ್ತು. ನಾನು ಅವುಗಳನ್ನು ಮನೆಯ ನೆರಳಿಗೆ ನೆಟ್ಟದ್ದೇ ತಪ್ಪಂತೆ. ಆಮೇಲೆ ಗೊತ್ತಾಯಿತು. ಆದರೆ ಈ ವರ್ಷ, ಮೂರನೆಯ ಬೇಸಿಗೆ, ಗಿಡಗಳು ಸೊಂಟದೆತ್ತರ ಬೆಳೆದು, ಪ್ರತಿ ತುದಿಯಲ್ಲೂ ಗುಂಡಿಯಂಥ ಹಸಿರು ಮೊಗ್ಗು ಕಟ್ಟಿದವು. ಬೂಷ್ಟು ಇತ್ತು, ಇಲ್ಲವೆನ್ನುವುದಿಲ್ಲ. ಎಲೆಗಳು ಹುಳು ತಿಂದು ಜರಡಿಯಾಗಿದ್ದವು, ಅದೂ ನಿಜ. ಹೆತ್ತ ತಾಯಿಯ ಕಣ್ಣಿಗೆ ಅದೆಲ್ಲ ಕಾಣುತ್ತದೆಯೇ?

ನಾನು ಹೋದಲ್ಲೆಲ್ಲ ಹೇಳಿಕೊಂಡು ಬಂದೆ. ನಾನು ಹೇಳಿದ್ದನ್ನು ವಿನ್ನಿ ಶಾಲೆಯಲ್ಲಿ ಹೇಳಿದಳು. ಜುಲೈಯಲ್ಲಿ ನನ್ನ ಹುಟ್ಟುಹಬ್ಬಕ್ಕೆ ಎಲ್ಲರೂ ಬನ್ನಿ, ನಮ್ಮನೆಗೆ ಗುಂಯ್‌ಹಕ್ಕಿ ಬರುತ್ತೆ ಎಂದು ಇಡೀ ತರಗತಿಗೆ ಆಹ್ವಾನ ಕೊಟ್ಟಳು. ಅವಳ ತರಗತಿಯಲ್ಲಿ ಮಾರ್ಲಾ ಅಂತ ಒಬ್ಬಳಿದ್ದಾಳೆ. ಆರು ವರ್ಷ ತುಂಬಿಲ್ಲ, ಆದರೆ ನ್ಯಾಯಾಧೀಶರ ಕುರ್ಚಿಯಲ್ಲೇ ಹುಟ್ಟಿದವಳ ಹಾಗೆ ಮಾತಾಡುತ್ತಾಳೆ. ಅಂಥ ಹಕ್ಕಿ ಟೀವಿಯಲ್ಲಿ ಮಾತ್ರ ಇರೋದು, ನಿಮ್ಮಮ್ಮ ಸುಳ್ಳು ಹೇಳ್ತಾರೆ ಎಂದಳಂತೆ.

“ನೀನೇನಂದೆ?” ಎಂದು ಕೇಳಿದೆ.

“ನಮ್ಮಮ್ಮ ಬರುತ್ತೆ ಅಂದ್ರೆ ಬಂದೇ ಬರುತ್ತೆ ಅಂದೆ,” ಎಂದಳು ವಿನ್ನಿ, ಶೂ ಬಿಚ್ಚುತ್ತಾ. ಅದರಲ್ಲೇನು ವಿಶೇಷ ಎನ್ನುವ ಹಾಗೆ.

ಇಷ್ಟು ದಿನ ಹಕ್ಕಿ ಬರದಿದ್ದರೆ ಹೋಗುತ್ತಿದ್ದದ್ದು ನನ್ನ ಮಾನ. ಅದಕ್ಕೇನು, ಅದು ದಿನಾ ಹೋಗಿ ಬರುತ್ತಿರುತ್ತದೆ. ಈಗ ಪಣಕ್ಕಿಟ್ಟದ್ದು ಮಗಳ ನಂಬಿಕೆ.

ಇಂಥ ಹೊತ್ತಿನಲ್ಲಿ ಹಕ್ಕಿ ಬಂತು. ಟೋಪಿಗೆ!

ತಾತ ಕೆಲಸದಲ್ಲಿದ್ದಾಗ ರಸ್ತೆಯ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದವರು. ನಿವೃತ್ತರಾದರೂ ಕೈ ಸುಮ್ಮನಿರಬೇಕಲ್ಲ, ಗೆರೆ ಎಳೆಯುವ ಆಸೆಯನ್ನೆಲ್ಲ ಹುಲ್ಲಿನ ಮೇಲೆ ತೀರಿಸಿಕೊಳ್ಳುತ್ತಾರೆ. ಅವರ ಅಂಗಳದ ಹುಲ್ಲು ಒಂದು ಪಟ್ಟಿ ತಿಳಿಹಸಿರು, ಒಂದು ಪಟ್ಟಿ ಕಡುಹಸಿರು, ಇಸ್ತ್ರಿ ಮಾಡಿದ ಜಮಖಾನದಂತಿರುತ್ತದೆ. ಅದರ ಮೇಲೆ ಕಾಲಿಡಲು ಅಳಿಲೂ ಹಿಂಜರಿಯುತ್ತದೆ. ವಾರಕ್ಕೆರಡು ಸಲ ಕತ್ತರಿಸುತ್ತಾರೆ. ಸಂಜೆ ಮಾತ್ರ ಕುರ್ಚಿ ಎತ್ತಿಕೊಂಡು ತಮ್ಮ ಶೆಡ್ಡಿನ ಹಿಂದೆ ಮರೆಯಾಗುತ್ತಾರೆ. ಡಾಕ್ಟರ್ ಬೇಡವೆಂದ ಸಿಗರೇಟನ್ನು ಕದ್ದು ಸೇದುತ್ತಾರೆ ಎಂದು ನಾವು ಮಾತಾಡಿಕೊಂಡಿದ್ದೆವು.

ಅಂದು ಹಕ್ಕಿ ಮುಖದ ಮುಂದೆ ಗುಂಯ್‌ಗುಟ್ಟಿದಾಗ ತಾತ ಕೈ ಬೀಸಿದರು, ಗಾಡಿ ಹೊರಳಿತು, ಅವರ ಜೀವಮಾನದ ಮೊದಲ ಸೊಟ್ಟ ಗೆರೆ ನಮ್ಮ ಬೇಲಿಯ ಪಕ್ಕದಲ್ಲೇ ಬಿತ್ತು. ಇಳಿದು ಬಂದು ಬೇಲಿಗೆ ಕೈಯೂರಿ ನಿಂತರು.

“ನಿನ್ನ ಹಕ್ಕಿ ನನ್ನ ಗೆರೆ ಕೆಡಿಸ್ತು ಕಣಮ್ಮಾ.”

ನನ್ನ ಹಕ್ಕಿ! ಆ ಮಾತಿಗೆ ಸಂತೋಷಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ನಾವು ಕರ್ಟಿಸನ ತಾಯಿಯ ಮನೆಗೆ ಹೋಗಬೇಕಿತ್ತು. ಮೊಗ್ಗುಗಳ ತುದಿಯಲ್ಲಿ ಕೆಂಪು ಇಣುಕುತ್ತಿತ್ತು. ವಾಪಸು ಬರುವಷ್ಟರಲ್ಲಿ ಅರಳಿ, ಶನಿವಾರದ ಹುಟ್ಟುಹಬ್ಬಕ್ಕೆ ಸರಿಯಾಗಿ ಸಿದ್ಧವಾಗಿರುತ್ತವೆ ಎಂದು ಲೆಕ್ಕ ಹಾಕಿ, ಗಿಡಗಳಿಗೆ ಟಾಟಾ ಮಾಡಿ ಕಾರು ಹತ್ತಿದೆ.

ವಾಪಸು ಬಂದು ಕಾರಿನಿಂದಿಳಿದವಳು ಇಳಿದಲ್ಲೇ ನಿಂತೆ.

ನಮ್ಮ ಅಂಗಳ ಎಂದೂ ಕಂಡರಿಯದಷ್ಟು ಚೆಂದವಾಗಿತ್ತು. ಒಂದು ಪಟ್ಟಿ ತಿಳಿಹಸಿರು, ಒಂದು ಪಟ್ಟಿ ಕಡುಹಸಿರು. ಪಟ್ಟಿಗಳು ಬೇಲಿಯಿಂದ ಹೊರಟು, ನೆಟ್ಟಗೆ, ಎಲ್ಲೂ ಬಾಗದೆ, ನನ್ನ ಬೀ ಬಾಮ್ ಇದ್ದ ಜಾಗದ ಮೇಲೂ ಹಾದು, ಮನೆಯ ಗೋಡೆಗೆ ಮುಟ್ಟಿದ್ದವು. ಮೂರು ಬೇಸಿಗೆ ನೆಲಸಮ. ಗಾಳಿಯಲ್ಲಿ ಪುದೀನದ ಘಮ ಮಾತ್ರ ಉಳಿದಿತ್ತು.

“ಹೋಗೋವಾಗ ಅವರಿಗೆ ಏನು ಹೇಳಿದೆ?” ಎಂದು ಗಂಡನನ್ನು ಕೇಳಿದೆ.

“ಏನಿಲ್ಲ ಕಣೇ. ಮನೆ ಕಡೆ ಸ್ವಲ್ಪ ನೋಡ್ಕೊಳ್ಳಿ ಅಂದೆ.”

“ಕಣ್ಣಲ್ಲಿ ನೋಡ್ಕೊಳ್ಳಿ ಅನ್ನಬೇಕಿತ್ತು.”

ಅಷ್ಟರಲ್ಲಿ ತಾತ ಬೇಲಿಯ ಹತ್ತಿರ ಬಂದಾಗಿತ್ತು. ಮುಖದಲ್ಲಿ ಸಾರ್ಥಕತೆ. ಗೋಡೆಯ ಪಕ್ಕ ಎಂಥದೋ ಬೂಷ್ಟು ಹಿಡಿದ ಕಳೆ ಸೊಂಟದ ತನಕ ಬೆಳೆದುಬಿಟ್ಟಿತ್ತು, ಚಿಕ್ಕ ಮಗು ಕಟ್ಟಿಕೊಂಡು ಪಾಪ ನಿನಗೆಲ್ಲಿ ಪುರಸೊತ್ತು, ನಾನೇ ಎಲ್ಲ ತೆಗೆದು ಸಾಫ್ ಮಾಡಿದೆ ಎಂದರು. ಹುಟ್ಟುಹಬ್ಬಕ್ಕೆ ಜನ ಬರುತ್ತಾರಲ್ಲ, ಚೆನ್ನಾಗಿ ಕಾಣಬೇಕು ಎಂದರು.

ನಮ್ಮ ಊರಲ್ಲಿ ನೆರೆಯವರು ನಿಮ್ಮ ಹುಲ್ಲು ಕತ್ತರಿಸಿಕೊಟ್ಟರೆ ಜಗಳವಾಡುವ ಹಾಗಿಲ್ಲ. ಥ್ಯಾಂಕ್ಸ್ ಹೇಳಬೇಕು. ಬರೀ ಬಾಯಲ್ಲಿ ಹೇಳಿದರೆ ಸಾಲದು, ಏನಾದರೂ ಬೇಯಿಸಿ, ಒಳ್ಳೆಯ ತಟ್ಟೆಯಲ್ಲಿಟ್ಟು ಕೊಟ್ಟುಬರಬೇಕು. ನನ್ನ ಹೂವುಗಳ ಕೊಲೆಗಾರನಿಗೆ ಅವತ್ತೇ ನಾನು ಬಾಳೆಹಣ್ಣಿನ ಬ್ರೆಡ್ಡು ಮಾಡಿದೆ! ಹಣ್ಣು ಕಿವುಚುವಾಗ ನನ್ನ ಕೈಯಲ್ಲಿದ್ದ ಬಲ ನೋಡಿ ಕರ್ಟಿಸ್ ಅಡುಗೆಮನೆಯಿಂದ ಮೆಲ್ಲನೆ ಜಾಗ ಖಾಲಿ ಮಾಡಿದ. ತಾತ ತಟ್ಟೆ ಇಸಿದುಕೊಂಡು, ಇದೆಲ್ಲ ಯಾಕಮ್ಮಾ, ಮುಂದಿನ ಸಲವೂ ಕತ್ತರಿಸಿಕೊಡ್ತೀನಿ ಎಂದರು.

ವಿನ್ನಿ ಅಳಲಿಲ್ಲ. ಅದೇ ಕಷ್ಟ. ಕತ್ತರಿಸಿದ ಮೋಟು ಕಡ್ಡಿಗಳನ್ನು ನೋಡಿ, “ಶನಿವಾರದೊಳಗೆ ಮತ್ತೆ ಬೆಳೆಯುತ್ತಲ್ಲಾ ಅಮ್ಮಾ?” ಎಂದಳು.

“ಹಕ್ಕಿ ಬರುತ್ತೆ,” ಎಂದೆ ನಾನು. ಈ ಬಾಯಿಗೆ ಬುದ್ಧಿ ಬರುವುದು ಯಾವಾಗ?

ಗೋಡೆಯ ಮೂಲೆಯಲ್ಲಿ ಒಂದೇ ಒಂದು ಗಿಡ ಗಾಡಿಯ ಬಾಯಿಗೆ ಸಿಗದೆ ಉಳಿದಿತ್ತು. ಗರಗಸದ ಹಲ್ಲಿನಂಥ ಎಲೆ, ನೆಟ್ಟನೆಯ ಕಡ್ಡಿ. ನನ್ನ ಬೀ ಬಾಮಿನ ಕೊನೆಯ ಕುಡಿ! ಅದರ ಸುತ್ತ ಪುಟ್ಟ ಬೇಲಿ ಕಟ್ಟಿದೆ, ಕೆಂಪು ರಿಬ್ಬನ್ ಬಿಗಿದೆ, ಬೆಳಿಗ್ಗೆ ಸಂಜೆ ನೀರು ಹಾಕಿ ಎಲೆ ಸವರಿ ಧೈರ್ಯ ಹೇಳಿದೆ. ಅದೇ ಹೊತ್ತಿಗೆ ನನ್ನ ಎರಡೂ ಕೈಗೆ ಎಂಥದೋ ಉರಿ, ತುರಿಕೆ, ಕೆಂಪು ದದ್ದು. ಚಿಂತೆಯಿಂದ ಹೀಗಾಗುತ್ತದೆ ಎಂದು ನಾನೇ ತೀರ್ಮಾನಿಸಿಕೊಂಡೆ.

ಇರುವ ಒಂದು ಗಿಡ ಹೂ ಬಿಡುವ ಸೂಚನೆ ಕಾಣಲಿಲ್ಲ. ಹಕ್ಕಿಗೆ ಕೆಂಪು ಬಣ್ಣ ಇಷ್ಟ ತಾನೇ? ಮನೆಯಲ್ಲಿದ್ದ ಕೆಂಪನ್ನೆಲ್ಲ ಅಂಗಳಕ್ಕೆ ಸಾಗಿಸಿದೆ. ಕೆಂಪು ತಟ್ಟೆ, ಕೆಂಪು ಬಕೆಟ್ಟು, ಟೊಮೆಟೊ ಸಾಸಿನ ಬಾಟಲಿ, ಕ್ರಿಸ್ಮಸ್ಸಿನ ಗಂಟೆಗಳು. ಸಾಲದ್ದಕ್ಕೆ ಚಳಿಗಾಲದಲ್ಲಿ ಕರ್ಟಿಸ್ ಪ್ಯಾಂಟಿನ ಒಳಗೆ ಹಾಕಿಕೊಳ್ಳುವ ಉದ್ದನೆಯ ಕೆಂಪು ಒಳಚಡ್ಡಿಯನ್ನು ಕೊಂಬೆಗೆ ನೇತುಹಾಕಿದೆ. ಅಂಚೆಯವಳು ಕಾಗದ ಕೊಡುವಾಗ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, ಬೇಗ ಬೇಗ ಹೆಜ್ಜೆ ಹಾಕಿದಳು.

“ಬೀದಿಗೆಲ್ಲ ನನ್ನ ಒಳಚಡ್ಡಿ ತೋರಿಸ್ತಾ ಇದೀಯಲ್ಲ,” ಎಂದ ಕರ್ಟಿಸ್.

“ಹಕ್ಕಿಗೆ ತೋರಿಸ್ತಾ ಇದೀನಿ.”

“ಅದನ್ನ ನೋಡಿದ ಮೇಲೆ ಯಾವ ಹಕ್ಕಿ ಬರುತ್ತೆ ಮಾರಾಯ್ತಿ?”

ಸಕ್ಕರೆ ನೀರು ಕಾಯಿಸಿ, ಹಕ್ಕಿಗಳಿಗೆಂದೇ ಮಾಡಿದ ಕೆಂಪು ಸೀಸೆಗೆ ತುಂಬಿ ತೂಗುಹಾಕಿದೆ. ಬೆಳಿಗ್ಗೆ ನೋಡಿದರೆ ಸೀಸೆ ನೆಲದ ಮೇಲೆ, ಸುತ್ತ ರಾತ್ರಿ ಕದ್ದು ತಿನ್ನಲು ಬರುವ ರಕೂನ್ ಪ್ರಾಣಿಯ ಹೆಜ್ಜೆ ಗುರುತು. ಚೆಲ್ಲಿದ ಪಾನಕಕ್ಕೆ ಓಣಿಯ ಇರುವೆಗಳೆಲ್ಲ ಸಂಸಾರ ಸಮೇತ ದಿಬ್ಬಣ ಬಂದಿದ್ದವು. ಅವುಗಳ ಹಿಂದೆ ಕಣಜಗಳು. ಮಗಳ ಹುಟ್ಟುಹಬ್ಬಕ್ಕೆ ಹಕ್ಕಿಯೊಂದನ್ನು ಬಿಟ್ಟು ಮಿಕ್ಕೆಲ್ಲರನ್ನೂ ಕರೆದಂತಾಯಿತು.

ಶುಕ್ರವಾರ ಸಂಜೆ, ಬೇರೆ ದಾರಿ ಕಾಣದೆ, ಮಾನ ಮರ್ಯಾದೆ ಮಡಿಚಿಟ್ಟು ತಾತನ ಬಾಗಿಲು ತಟ್ಟಿದೆ. ನಾಳೆ ಒಂದು ಗಂಟೆಯ ಮಟ್ಟಿಗೆ ನಿಮ್ಮ ಟೋಪಿ ಬೇಕಿತ್ತು ಎಂದೆ. ವಿನ್ನಿ, ಮಾರ್ಲಾ, ಹಕ್ಕಿ, ಎಲ್ಲವನ್ನೂ ಹೇಳಿದೆ. ಕತ್ತರಿಸಿದ ಕಳೆ ಕಳೆಯಾಗಿರಲಿಲ್ಲ ಎನ್ನುವುದೊಂದನ್ನು ಮಾತ್ರ ನುಂಗಿಕೊಂಡೆ. ಬ್ರೆಡ್ಡು ಕೊಟ್ಟಾದ ಮೇಲೆ ಅದನ್ನೆಲ್ಲ ಎತ್ತುವುದು ಚೆನ್ನಾಗಿರುವುದಿಲ್ಲ.

ತಾತ ಟೋಪಿಯ ಅಂಚು ಮುಟ್ಟಿ ನೋಡಿಕೊಂಡರು.

“ಟೋಪಿ ಯಾರಿಗೂ ಕೊಡಲ್ಲಮ್ಮಾ. ತಲೆ ಸಮೇತ ಬೇಕಿದ್ರೆ ಬರ್ತೀನಿ.”

ಹೀಗೆ ಶನಿವಾರ ಮಧ್ಯಾಹ್ನ ನಮ್ಮ ಅಂಗಳದಲ್ಲಿ, ಮೋಟು ಕಡ್ಡಿಗಳ ನಡುವೆ, ಮಡಿಚುವ ಕುರ್ಚಿಯ ಮೇಲೆ ಎಲ್ವುಡ್ ತಾತ ಅರಳಿದರು. ಇಸ್ತ್ರಿ ಮಾಡಿದ ಶರ್ಟು ಬೇರೆ ಹಾಕಿಕೊಂಡು ಬಂದಿದ್ದರು. ಎದುರಿಗೆ ಅರ್ಧಚಂದ್ರಾಕಾರದಲ್ಲಿ ಮಕ್ಕಳು. ಹಿಂದೆ ಕೇಕು, ಕೇಕಿನ ಮೇಲೆ ಕಣಜ, ಕಣಜದ ಮೇಲೆ ಪೇಪರ್ ಬೀಸುತ್ತಾ ಕರ್ಟಿಸ್. ತಾತ ನನಗೆ ಏನೋ ಹೇಳಲು ಬಾಯಿ ತೆರೆದರು. ವಿನ್ನಿ ತುಟಿಯ ಮೇಲೆ ಬೆರಳಿಟ್ಟಳು.

“ಹೂವು ಮಾತಾಡಲ್ಲ, ತಾತ.”

ತಾತ ಬಾಯಿ ಮುಚ್ಚಿದರು. ಮುಂದೆ ಬಹಳ ಹೊತ್ತು ಅವರು ರೆಪ್ಪೆಯನ್ನೂ ಅಷ್ಟಾಗಿ ಬಡಿಯಲಿಲ್ಲ. ಮಾತಾಡಿದ್ದೆಲ್ಲ ನಾನೇ. ಈಗ ಬರುತ್ತೆ, ಇನ್ನೇನು ಬಂತು, ಅಗೋ ಆ ಕಡೆ ಶಬ್ದ ಕೇಳಿಸಿತು, ಅಲ್ಲ ಅದು ಕಣಜ, ಹಕ್ಕಿ ಊಟಕ್ಕೆ ಹೋಗಿರಬೇಕು! ಬೆವರು ತಾತನ ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಸೇರಿತು. ಹಕ್ಕಿ ಬರಲಿಲ್ಲ.

“ಇದು ಹೂವಲ್ಲ, ಬರೀ ತಾತ,” ಎಂದು ಮಾರ್ಲಾ ತೀರ್ಪು ಕೊಟ್ಟಳು. “ಹಕ್ಕಿನೂ ಇಲ್ಲ.”

ಮಕ್ಕಳು ಎದ್ದು ಕೇಕಿನ ಕಡೆ ತಿರುಗಿದರು. ವಿನ್ನಿ ಎದ್ದೇಳಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ನನ್ನನ್ನು ಮೊದಲ ಸಲ ಅಳೆದು ನೋಡುವ ಹಾಗೆ ನೋಡಿದಳು. ಆ ನೋಟಕ್ಕಿಂತ ಕೈ ತುರಿಕೆಯೇ ವಾಸಿ ಅನ್ನಿಸಿತು.

ಆಗ ಹೂವು ಎದ್ದು ನಿಂತಿತು.

“ಎಲ್ಲಾ ನನ್ನ ಹಿಂದೆ ಬನ್ನಿ. ಸಾಲಾಗಿ. ಸದ್ದು ಮಾಡಬಾರದು.”

ತಾತ ಬೇಲಿಯ ಗೇಟು ತೆಗೆದು, ಅಳಿಲೂ ತುಳಿಯದ ಆ ಹುಲ್ಲಿನ ಮೇಲೆ ಇಡೀ ಮಕ್ಕಳ ಸೈನ್ಯವನ್ನು ನಡೆಸಿಕೊಂಡು ಹೋದರು. ನಾವೂ ಹಿಂದೆ ಹೋದೆವು. ಶೆಡ್ಡು ಸುತ್ತಿ ಹಿಂದೆ ತಿರುಗಿದವರು ನಿಂತುಬಿಟ್ಟೆವು.

ಸಿಗರೇಟಿನ ವಾಸನೆ ಇರಲಿಲ್ಲ. ಪುದೀನದ ಘಮವಿತ್ತು. ಶೆಡ್ಡಿನ ಗೋಡೆಗೆ ಒತ್ತಿಕೊಂಡು, ಮಟಮಟ ಬಿಸಿಲಿನಲ್ಲಿ, ಎದೆಯುದ್ದ ಬೆಳೆದು ನಿಂತಿತ್ತು ಬೀ ಬಾಮ್. ಒಂದಲ್ಲ, ಎರಡಲ್ಲ, ಒಂದು ದೊಡ್ಡ ಮಂಚದಷ್ಟು ಜಾಗದ ತುಂಬ! ಎಲೆಯ ಮೇಲೆ ಬೂಷ್ಟಿನ ಚುಕ್ಕೆ ಕೂಡ ಇಲ್ಲ. ಅದರ ಮೇಲೆ ದುಂಬಿ, ಚಿಟ್ಟೆ, ಜೇನು, ಮತ್ತು ಒಂದನ್ನೊಂದು ಅಟ್ಟಾಡಿಸುತ್ತಾ ಎರಡು ಗುಂಯ್‌ಹಕ್ಕಿ. ಎದುರಿಗೆ ತಾತನ ಕುರ್ಚಿ. ಮತ್ತು, ನಮ್ಮ ಬೀದಿಯಲ್ಲಿ ಯಾರು ನಂಬುತ್ತಾರೋ ಬಿಡುತ್ತಾರೋ, ಆ ಹೂವುಗಳ ಹತ್ತಿರ ಬಂದ ಹುಲ್ಲಿನ ಪಟ್ಟಿ ಸೊಟ್ಟಗೆ ತಿರುಗಿ, ಅವನ್ನು ಬಳಸಿಕೊಂಡು ಹೋಗಿತ್ತು.

ಎರಡು ವರ್ಷದ ಹಿಂದೆ ಒಂದು ಕುಡಿ ತಾನಾಗಿಯೇ ಬಂತು ಎಂದರು ತಾತ. ಎಲ್ಲಿಂದ ಬಂತೋ ಗೊತ್ತಿಲ್ಲ, ಕತ್ತರಿಸೋಣ ಅಂತ ಗಾಡಿ ತಂದರೆ ಹಕ್ಕಿ ಅಡ್ಡ ಬಂತು, ಬಿಟ್ಟೆ ಎಂದರು. ನನಗೆ ಗೊತ್ತಿತ್ತು ಎಲ್ಲಿಂದ ಬಂತು ಅಂತ. ಪುದೀನದ ಕುಲದ ಗಿಡ, ಬೇರು ನೆಲದೊಳಗೇ ತೆವಳುತ್ತದೆ. ನನ್ನ ನೆರಳು ಸಾಕಾಗಿ ಬೇಲಿಯಡಿ ನುಸುಳಿ ಬಿಸಿಲಿರುವ ಮನೆಗೆ ಓಡಿಹೋಗಿತ್ತು!

“ಆದ್ರೆ ಇದು ನಿಮ್ಮನೆ ಅಲ್ಲ,” ಎಂದಳು ಮಾರ್ಲಾ, ಕಣ್ಣು ಹಕ್ಕಿಯ ಮೇಲಿಂದ ತೆಗೆಯದೆ.

“ಬರುತ್ತೆ ಅಂದೆ, ಬಂತು,” ಎಂದಳು ನನ್ನ ಮಗಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಆ ಕೈ ಉರಿಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ನನಗೆ ಅಲ್ಲಿಗೆ ಸುಮ್ಮನಿರಲು ಆಗಲಿಲ್ಲ. ನೀವು ಕತ್ತರಿಸಿದ ಕಳೆಯೂ ಇದೇ ಗಿಡ ಎಂದು ಮೆಲ್ಲಗೆ ತಾತನ ಕಿವಿಗೆ ಹಾಕಿದೆ. ಅವರು ಹೂವನ್ನು ನೋಡಿದರು, ನಮ್ಮ ಗೋಡೆಯ ಕಡೆ ನೋಡಿದರು, ಟೋಪಿಯ ಅಂಚನ್ನು ಹುಬ್ಬಿನ ತನಕ ಎಳೆದುಕೊಂಡರು. ಸಾಲದ್ದಕ್ಕೆ ನಾನು, ಪರವಾಗಿಲ್ಲ, ಮೂಲೆಯಲ್ಲಿ ಒಂದು ಗಿಡ ಉಳಿಸಿಕೊಂಡಿದೀನಿ ಎಂದು ಬೇಲಿ ಕಟ್ಟಿದ ಕಡೆ ಹೆಮ್ಮೆಯಿಂದ ಬೆರಳು ತೋರಿಸಿದೆ.

“ಅದಾ?” ಎಂದರು. “ಅದು ತುರಿಕೆ ಗಿಡ ಕಣಮ್ಮಾ. ಅವತ್ತು ಕೈಗವಸು ತಂದಿರಲಿಲ್ಲ, ಅದಕ್ಕೇ ಬಿಟ್ಟೆ. ರಿಬ್ಬನ್ ಯಾಕೆ ಕಟ್ಟಿದೀಯ ಅಂತ ಆಗಿಂದ ಕೇಳಬೇಕು ಅಂತಿದ್ದೆ. ನಿನ್ನ ಮಗಳು ಮಾತಾಡೋಕೆ ಬಿಡಲಿಲ್ಲ.”

ಕರ್ಟಿಸ್ ನನ್ನ ಕೈಗಳನ್ನು ನೋಡಿದ. ಆಮೇಲೆ ಶೆಡ್ಡಿನ ಗೋಡೆಗೆ ಹಣೆ ಆನಿಸಿಕೊಂಡು, ಭುಜ ಕುಲುಕಿಸುತ್ತಾ ಬಹಳ ಹೊತ್ತು ನಿಂತಿದ್ದ. ಅಳುತ್ತಿದ್ದಾನೆ ಎಂದುಕೊಂಡರು ಮಕ್ಕಳು.

ಸಂಜೆ ತಾತ ಬ್ರೆಡ್ಡಿನ ತಟ್ಟೆ ವಾಪಸು ಕೊಡಲು ಬಂದರು. ತಟ್ಟೆ ಖಾಲಿ ಇರಲಿಲ್ಲ. ಒದ್ದೆ ಪೇಪರಿನಲ್ಲಿ ಸುತ್ತಿದ ಬೀ ಬಾಮಿನ ಬೇರಿತ್ತು. ಬಿಸಿಲಿಗೆ ನೆಡು ಎಂದರು. ನಾನು ಅವರು ಕ್ಷಮೆ ಕೇಳಲಿ ಎಂದು ಕಾದೆ. ಕೇಳಿದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಲು ಒಂದು ಒಳ್ಳೆಯ ವಾಕ್ಯವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ತಾತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ನಿನ್ನಿಂದ ಒಂದು ಉಪಕಾರ ಆಗಬೇಕಿತ್ತು ಎಂದರು.

ಆಗಸ್ಟಿನಲ್ಲಿ ಒಂದು ವಾರ ಕೆಂಟಕಿಯಲ್ಲಿರುವ ತಂಗಿಯ ಮನೆಗೆ ಹೋಗಬೇಕಂತೆ. ಹುಲ್ಲು ಕತ್ತರಿಸಬೇಕೇನೋ, ಆಗಲಿ ಎಂದೆ ಉದಾರವಾಗಿ. ತಾತ ಗಾಬರಿಯಿಂದ, ಹುಲ್ಲಿನ ಹತ್ತಿರ ಮಾತ್ರ ನೀನು ಹೋಗಬೇಡ ಎಂದರು. ಆಮೇಲೆ, ನಮ್ಮ ಬೀದಿಯಲ್ಲಿ ಯಾರೂ ಕಾಣದ್ದನ್ನು ನಾನು ಕಂಡೆ. ತಾತ ಟೋಪಿ ತೆಗೆದರು. ಒಳಗೆ ತಲೆ ಮೊಟ್ಟೆಯಂತೆ ಬೆಳ್ಳಗೆ ನುಣ್ಣಗಿತ್ತು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ದಿನಾ ಸಂಜೆ ಇದನ್ನ ಹಾಕ್ಕೊಂಡು ಶೆಡ್ಡಿನ ಹಿಂದೆ ಸ್ವಲ್ಪ ಹೊತ್ತು ಕೂತಿರ್ತೀಯಾ? ನಾನೆಲ್ಲಿ ಹೋದೆ ಅಂತ ಹಕ್ಕಿಗೆ ಗಾಬರಿ ಆಗಬಾರದು. ಒಂದೇ ಒಂದು ಮಾತು, ಲಾರೆಲ್. ಕೂತಿರೋವಷ್ಟು ಹೊತ್ತು ಬಾಯಿ ಬಿಡಬೇಡ. ಹೂವು ಮಾತಾಡಲ್ಲ.”